ಗಂಗಿಯ ಮುಖ

ಕೊಲೆಯ ಕಥೆಯೆಂದರೆ ಕೊಂದವರು ಯಾರೆಂಬುದು ಕೊನೆಯವರೆಗೂ ಗುಟ್ಟಾಗಿರಬೇಕು ಎನ್ನುತ್ತಾರೆ. ನಮ್ಮ ಕಡೆಯ 'ಸಂಗ್ಯಾ ಬಾಳ್ಯಾ' ಸಣ್ಣಾಟದಲ್ಲಿ ಅಂಥ ಗುಟ್ಟೇ ಇಲ್ಲ. ಬೈಲಹೊಂಗಲದಲ್ಲಿ ನಡೆದದ್ದೆಂದು ಹೇಳುವ ಈ ಕಥೆ ನಮ್ಮ ಹಾನಗಲ್ಲ, ಹಿರೇಕೆರೂರ ಸೀಮೆಯವರಿಗೂ ಬಾಯಿಪಾಠ. ಸಾಹುಕಾರ ಸಂಗ್ಯಾ ಜಾತ್ರೆಯಲ್ಲಿ ಈರ್ಯಾನ ಹೆಂಡತಿ ಗಂಗಿಯನ್ನು ಕಂಡು ಮರುಳಾಗುತ್ತಾನೆ. ಗೆಳೆಯ ಬಾಳ್ಯಾ ದಾರಿ ಮಾಡಿಕೊಡುತ್ತಾನೆ. ಕಡೆಗೆ ಅದೇ ಬಾಳ್ಯಾ ಅವನನ್ನು ಈರ್ಯಾನ ಅಣ್ಣತಮ್ಮಂದಿರ ಕೈಗೆ ಒಪ್ಪಿಸುತ್ತಾನೆ.

ಎಲ್ಲ ಗೊತ್ತಿದ್ದೂ ಜನ ಬೆಳತನಕ ಕೂಡ್ರುತ್ತಿದ್ದರು. ಚಿಕ್ಕವಳಿದ್ದಾಗ ನಾನೂ ಅವ್ವನ ಮಗ್ಗಲು ತಟ್ಟಿನ ಮೇಲೆ ಕೂತು ನೋಡಿದ್ದೇನೆ. ಗಂಗಿಯ ಪಾರ್ಟು ನಮ್ಮ ಓಣಿಯ ಚಕ್ಕಡಿ ಹೊಡೆಯುವವನದು. ಮೀಸೆ ಬೋಳಿಸಿ, ಸೆರಗು ಹೊದ್ದು ಅವನು ನಾಚಿದರೆ ಸಿಳ್ಳೆಯೋ ಸಿಳ್ಳೆ. ಹಿಮ್ಮೇಳದವರು ಸೊಲ್ಲನ್ನು ಎತ್ತಿ ಹಾಡುವರು. ಸಂಧಾನಕ್ಕೆ ಓಡಾಡುವ ಮುದುಕಿ ಬಂದರಂತೂ ಅವ್ವ ಬಾಯಿಗೆ ಸೆರಗು ಒತ್ತಿಕೊಂಡು ನಗುವಳು. ಒಂದು ಮನೆ ಮುರಿಯುವ ಸಂಚಿಗೆ ನಾವೆಲ್ಲ ನಗುತ್ತಲೇ ಪಾಲುದಾರರಾಗುತ್ತಿದ್ದೆವು. ಕೊಲೆಯಾದಾಗ ಬೆಚ್ಚುತ್ತಿದ್ದೆವು. ನಗಿಸಿ ನಗಿಸಿಯೇ ತಪ್ಪಿಗೆ ನಮ್ಮನ್ನು ಗುರಿಮಾಡುವುದು ಸಣ್ಣಾಟದ ಜಾಣತನ.

1992ರಲ್ಲಿ ಸುಂದರ ಕೃಷ್ಣ ಅರಸ್ ಇದನ್ನು ಸಿನಿಮಾ ಮಾಡಿದರು. ಎಷ್ಟೋ ವರ್ಷಗಳ ಮೇಲೆ ಅವ್ವನ ಜೊತೆ ಟಿ.ವಿ.ಯಲ್ಲಿ ನೋಡಿದೆ. ರಾತ್ರಿಯಿಡೀ ಹಬ್ಬುವ ಆಟವನ್ನು ಸಿನಿಮಾದ ಅಳತೆಗೆ ಇಳಿಸಿದರೆ ಹಾಡಿನ ನಿಧಾನ ಉಳಿಯುವುದಿಲ್ಲ. ಪ್ರೇಕ್ಷಕರನ್ನು ಮಾತಾಡಿಸುವ ಹಿಮ್ಮೇಳದ ಸಲಿಗೆಯೂ ಇರುವುದಿಲ್ಲ. ಆ ಕೊರತೆ ನನ್ನನ್ನು ಕಾಡಿತು. ಆದರೆ ಇಲ್ಲಿ ಗಂಗಿಯಾದವಳು ಹೆಂಗಸು. ಕ್ಯಾಮೆರಾ ಅವಳ ಮುಖದ ಹತ್ತಿರ ಹೋಗುತ್ತದೆ. ಅಟ್ಟದ ಮೇಲಿನ ಚಕ್ಕಡಿಯವನಿಗೆ ನಗುತ್ತಿದ್ದ ಅವ್ವ ಈ ಸಲ ನಗಲಿಲ್ಲ. "ಆಕಿ ಮನಸನ್ಯಾಗ ಏನಿತ್ತಂತ ಯಾರರ ಕೇಳ್ಯಾರೇನ?" ಎಂದಳು.

ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ ನನಗೆ ಈ ಪ್ರಶ್ನೆ ಹೊಳೆದಿರಲಿಲ್ಲ. ಆಟದ ಹೆಸರು ನೋಡಿರಿ: ಇಬ್ಬರು ಗೆಳೆಯರದು. ಯಾರ ಸಲುವಾಗಿ ಇಷ್ಟೆಲ್ಲ ನಡೆಯಿತೋ ಆಕೆಗೆ ಅದರಲ್ಲಿ ಜಾಗವಿಲ್ಲ. ಕೊಂದವರು ಗೊತ್ತು, ಕೊಲ್ಲಿಸಿದವನು ಗೊತ್ತು. ಗಂಗಿ ಮಾತ್ರ ಇನ್ನೂ ಗುಟ್ಟಾಗಿಯೇ ಇದ್ದಾಳೆ. ಸಿನಿಮಾ ಅವಳ ಮುಖ ತೋರಿಸಿತು, ಅಷ್ಟಕ್ಕಾದರೂ ನಾನು ಅದಕ್ಕೆ ಋಣಿ.

ನಮ್ಮ ತಾಲೂಕಿನಲ್ಲೇ ಶೇಷಗಿರಿಯಂಥ ನಾಟಕದ ಊರಿದೆ. ಅಂಥ ಊರಿನ ಹುಡುಗಿಯೊಬ್ಬಳು ಎಂದಾದರೂ ಈ ಕಥೆಯನ್ನು ಗಂಗಿಯ ಬಾಯಿಂದ ಹಾಡಿಸಲಿ. ಮುಂದಿನ ಸಾಲಿನಲ್ಲಿ ತಟ್ಟು ಹಾಸಿಕೊಂಡು ಕೂಡ್ರಲು ನಾನು ತಯಾರು.