ಕೋವಿಯ ಚೆಲುವು, ಗುಂಡಿನ ಲೆಕ್ಕ

ನಾಟಕದ ಬಗ್ಗೆ ಒಂದಿಷ್ಟು ಓದಿಕೊಂಡವರಿಗೆಲ್ಲ ಚೆಕಾಫನ ಕೋವಿ ಗೊತ್ತಿರುತ್ತದೆ. ರಂಗದ ಮೇಲೆ ಕೋವಿ ತಂದಿಟ್ಟರೆ ಅದು ಸಿಡಿಯಲೇಬೇಕು, ಸಿಡಿಸುವ ಯೋಚನೆ ಇಲ್ಲದಿದ್ದರೆ ಅದನ್ನು ಅಲ್ಲಿ ಇಡಲೇಬಾರದು ಎಂಬರ್ಥದ ಮಾತನ್ನು ಆತ ಕಾಗದವೊಂದರಲ್ಲಿ ಬರೆದಿದ್ದ. ಪರೀಕ್ಷೆಯ ಉತ್ತರಪತ್ರಿಕೆಗಳಿಂದ ಹಿಡಿದು ಚಿತ್ರಕಥೆಯ ಕಮ್ಮಟಗಳವರೆಗೆ ಈ ಸೂತ್ರ ಓಡಾಡುತ್ತಲೇ ಇದೆ. ಅದರ ಮೇಲೆ ನನ್ನ ತಕರಾರೇನೂ ಇಲ್ಲ. ಆದರೆ ಅದು ಕೇಳುವುದು ಒಂದೇ ಪ್ರಶ್ನೆ: ಕೋವಿ ಸಿಡಿಯಿತೋ ಇಲ್ಲವೋ? ಓದುವಾಗ ನಾವು ಕೇಳಬೇಕಾದ, ಆದರೆ ಕೇಳುವುದನ್ನು ಮರೆಯುವ ಇನ್ನೊಂದು ಪ್ರಶ್ನೆ ಇದೆ: ಸಿಡಿದ ಗುಂಡು ಎಲ್ಲಿಗೆ ಹೋಯಿತು, ಅದರ ಲೆಕ್ಕ ಇಟ್ಟವರು ಯಾರು?

ಕೋವಿ ಇಟ್ಟುಕೊಳ್ಳುವವರಲ್ಲಿ ಎರಡು ಪಂಗಡಗಳಿವೆ. ಒಂದು ಸಂಗ್ರಾಹಕರದು. ಕಬ್ಬಿಣ, ಉಕ್ಕಿನ ಪಟ್ಟಿಗಳನ್ನು ಹೆಣೆದು ಕಾಸಿ ಬಡಿದ ಹಳೆಯ ನಳಿಗೆಯ ಮೇಲೆ ಮೂಡುವ ಸುಳಿಗೆರೆಗಳು, ಆಕ್ರೋಟು ಮರದ ಹಿಡಿಯ ಹೊಳಪು, ಉಕ್ಕಿನ ಮೇಲೆ ಕೆತ್ತಿದ ಬಳ್ಳಿ ಅವರ ಕಣ್ಣಿಗೆ ಬೀಳುತ್ತವೆ. ಹಾರಿಸಿದರೆ ನಳಿಗೆ ಸವೆದೀತು, ಹಳೆಯದಾದರೆ ಸೀಳೀತು ಎಂದು ಅವರು ಎಣ್ಣೆ ಒರೆಸಿ ಗಾಜಿನ ಹಿಂದೆ ಇಡುತ್ತಾರೆ. ಇನ್ನೊಂದು ಹಾರಿಸುವವರ ಪಂಗಡ. ಹಾರದ ಕೋವಿ ಅವರಿಗೆ ಬರೀ ಕಬ್ಬಿಣದ ಕೊಳವೆ. ಗುರಿ, ಭುಜಕ್ಕೆ ಬೀಳುವ ಒದೆತ, ಮದ್ದಿನ ವಾಸನೆ ಇಲ್ಲದೆ ಕೋವಿಯನ್ನು ಪ್ರೀತಿಸುತ್ತೇನೆನ್ನುವುದು ಈಜದೆ ಹೊಳೆಯನ್ನು ಹೊಗಳಿದಂತೆ ಎಂಬುದು ಅವರ ವಾದ. ನೋಡುವವರು ನಿರಪಾಯಿಗಳು, ಹಾರಿಸುವವರು ಕ್ರೂರಿಗಳು ಎಂದು ಹೊರಗಿನವರಿಗೆ ಅನ್ನಿಸುತ್ತದೆ. ಸಾಹಿತ್ಯ ಓದಿದರೆ ಈ ವಿಂಗಡಣೆ ನಿಲ್ಲುವುದಿಲ್ಲ. ಇಬ್ಬರಲ್ಲೂ ಗಾಯವನ್ನು ಮರೆತವರಿದ್ದಾರೆ, ಇಬ್ಬರಲ್ಲೂ ಮರೆಯದವರಿದ್ದಾರೆ. ನನ್ನ ಮಾತಿಗೆ ಮೊದಲ ಸಾಕ್ಷಿ ಒಂದು ನಾಟಕ.

ಇಬ್ಸೆನ್ನನ 'ಹೆಡ್ಡಾ ಗಾಬ್ಲರ್' ಪ್ರಕಟವಾದದ್ದು 1890ರಲ್ಲಿ. ಹೆಡ್ಡಾ ಸತ್ತುಹೋದ ಜನರಲ್ ಗಾಬ್ಲರನ ಮಗಳು. ಮದುವೆಯಾಗಿರುವುದು ಟೆಸ್ಮನ್ ಎಂಬ ಸಪ್ಪೆ ವಿದ್ವಾಂಸನನ್ನು. ತವರಿನಿಂದ ಬಂದ ಎರಡು ಪಿಸ್ತೂಲುಗಳು ಅವಳ ಬಳಿ ಇವೆ. ಹೊಸ ಸಂಸಾರದಲ್ಲಿ ಬೇಸರ ಕಳೆಯಲು ತನಗೆ ಉಳಿದಿರುವುದು ಅವೇ ಎಂದು ಅವಳು ಹೇಳಿದಾಗ ಮೊದಲ ಅಂಕ ಮುಗಿಯುತ್ತದೆ. ಎರಡನೆಯ ಅಂಕದ ಶುರುವಿನಲ್ಲೇ ತೋಟದ ಕಡೆಯಿಂದ ಬರುತ್ತಿರುವ ನ್ಯಾಯಾಧೀಶ ಬ್ರಾಕ್‌ನತ್ತ ತಮಾಷೆಗೆಂದು ಒಂದು ಗುಂಡು ಹಾರಿಸುತ್ತಾಳೆ. ಅಂದರೆ ಚೆಕಾಫನ ಸೂತ್ರದ ಪ್ರಕಾರ ಕೋವಿಯ ಕೆಲಸ ಆಗಲೇ ಮುಗಿಯಿತು. ಇಬ್ಸೆನ್ನನ ಕೆಲಸ ಶುರುವಾಗುವುದು ಅಲ್ಲಿಂದ.

ಹೆಡ್ಡಾ ಹಾರಿಸುವವಳ ಹಾಗೆ ಕಂಡರೂ ನನ್ನ ಓದಿನಲ್ಲಿ ಅವಳು ಸಂಗ್ರಾಹಕಿ. ಆ ಪಿಸ್ತೂಲುಗಳು ಅವಳಿಗೆ ಅಪ್ಪನ ಮನೆತನ, ತಾನು ಬದುಕಲಾಗದ ಧೀರ ಬದುಕು. ಹಸ್ತಪ್ರತಿ ಕಳೆದುಕೊಂಡು ಕುಸಿದ ಲೋವ್‌ಬೋರ್ಗ್‌ನ ಕೈಗೆ ಅವಳು ಒಂದು ಪಿಸ್ತೂಲು ಕೊಟ್ಟು, ಸಾಯುವುದಾದರೆ ಸುಂದರವಾಗಿ ಸಾಯಿ ಎನ್ನುತ್ತಾಳೆ. ಸಾವನ್ನೂ ಗಾಜಿನ ಪೆಟ್ಟಿಗೆಯೊಳಗೆ ಇಡುವ ಮನಸ್ಸು ಅದು. ಕೊನೆಯ ಅಂಕದಲ್ಲಿ ಬ್ರಾಕ್ ಸುದ್ದಿ ತರುತ್ತಾನೆ. ಗುಂಡು ಎದೆಗೆ ತಗುಲಿತು ಎಂದಾಗ ಹೆಡ್ಡಾಗೆ ಸಮಾಧಾನ. ಹಣೆಗಲ್ಲದಿದ್ದರೂ ಎದೆಯೂ ಆದೀತು ಎಂಬಂತೆ ಒಪ್ಪಿಕೊಳ್ಳುತ್ತಾಳೆ. ಆಮೇಲೆ ನಿಜ ಹೊರಬೀಳುತ್ತದೆ: ಗುಂಡು ತಗುಲಿದ್ದು ಕಿಬ್ಬೊಟ್ಟೆಗೆ, ಅದೂ ಡಯಾನಾ ಎಂಬ ಗಾಯಕಿಯ ಕೋಣೆಯಲ್ಲಿ. ಪಿಸ್ತೂಲು ಪೊಲೀಸರ ಕೈಯಲ್ಲಿದೆ, ಅದು ಯಾರದೆಂದು ಬ್ರಾಕ್ ಗುರುತಿಸಿದ್ದಾನೆ, ಇನ್ನು ಮುಂದೆ ಹೆಡ್ಡಾ ಅವನ ಮುಷ್ಟಿಯೊಳಗೆ.

ಎದೆ ಮತ್ತು ಕಿಬ್ಬೊಟ್ಟೆಗಳ ನಡುವಿನ ಆ ಒಂದು ಗೇಣು ದೂರದಲ್ಲಿ ಇಡೀ ನಾಟಕ ನಿಂತಿದೆ. ಮೆಚ್ಚುವವಳು ಗುಂಡಿಗೆ ಒಂದು ಜಾಗ ಗೊತ್ತುಮಾಡಿದ್ದಳು, ಗುಂಡು ಬೇರೆ ಕಡೆ ಹೋಯಿತು. ಕೊನೆಗೆ ಹೆಡ್ಡಾ ಇನ್ನೊಂದು ಪಿಸ್ತೂಲಿನಿಂದ ತನ್ನ ಹಣೆಗೇ ಹೊಡೆದುಕೊಳ್ಳುತ್ತಾಳೆ. ಅದನ್ನು ಅವಳ ಗೆಲುವು ಎಂದು ಓದುವವರಿದ್ದಾರೆ. ಅಂದುಕೊಂಡ ಜಾಗಕ್ಕೇ ಗುಂಡು ಬಿತ್ತಲ್ಲ ಎಂಬುದು ಅವರ ನ್ಯಾಯ. ಆದರೆ ಹಾಗೆ ಓದಿದರೆ ನಾವೂ ಹೆಡ್ಡಾಳ ಕಣ್ಣಿನಿಂದಲೇ ನೋಡಿದಂತಾಯಿತು. ಲೋವ್‌ಬೋರ್ಗ್‌ನ ಹೊಟ್ಟೆಯ ಗಾಯವನ್ನು ಅಷ್ಟು ವಿಕಾರವಾಗಿ ಮೊದಲೇ ತೋರಿಸಿದ ಇಬ್ಸೆನ್, ಆ ಸುಂದರ ಸಾವನ್ನು ನಾವು ಮೆಚ್ಚದಂತೆ ನೋಡಿಕೊಂಡಿದ್ದಾನೆ.

ಹಾರಿಸುವವರ ಕಡೆಯ ಸಾಕ್ಷಿಗೆ ನಾನು ಜಿಮ್ ಕಾರ್ಬೆಟ್‌ನ ಬಳಿ ಹೋಗುತ್ತೇನೆ. ಅವನ ರುದ್ರಪ್ರಯಾಗದ ಚಿರತೆಯ ಕತೆಯನ್ನು ಪೂರ್ಣಚಂದ್ರ ತೇಜಸ್ವಿ ಕನ್ನಡಕ್ಕೆ ತಂದ ಮೇಲೆ ನಮ್ಮಲ್ಲಿ ಅನೇಕರಿಗೆ ಕಾರ್ಬೆಟ್ ಹೆಚ್ಚುಕಡಿಮೆ ಕನ್ನಡದ ಲೇಖಕನೇ. ಕುಮಾವೂನಿನ ನರಭಕ್ಷಕಗಳ ಬಗೆಗಿನ ಅವನ ಮೊದಲ ಹೆಸರಾಂತ ಪುಸ್ತಕ ಬಂದದ್ದು 1944ರಲ್ಲಿ. ಅದರ ಆರಂಭದಲ್ಲೇ ಚಂಪಾವತದ ಹೆಣ್ಣುಹುಲಿಯ ಕತೆ ಇದೆ. 436 ಜನರನ್ನು ಕೊಂದದ್ದೆಂದು ಲೆಕ್ಕ ಸಿಕ್ಕಿದ್ದ ಆ ಹುಲಿಯನ್ನು ಅವನು 1907ರಲ್ಲಿ ಕೊಂದ. ಅದಕ್ಕಾಗಿ ಸಂಯುಕ್ತ ಪ್ರಾಂತ್ಯದ ಲೆಫ್ಟಿನೆಂಟ್ ಗವರ್ನರ್ ಹೆವೆಟ್ ಅವನಿಗೆ ಲಂಡನ್ನಿನ ರಿಗ್ಬಿ ಕಂಪನಿಯ ರೈಫಲನ್ನು ಕಾಣಿಕೆ ಕೊಟ್ಟ. ಅದರ ಹಿಡಿಯ ಮೇಲೆ ಬೆಳ್ಳಿಯ ಫಲಕವಿದೆ. ಕಾರ್ಬೆಟ್‌ನ ನಂತರ ಅದು ಅವನ ಪ್ರಕಾಶಕರ ಬಳಿ ಇತ್ತು, 2015ರಲ್ಲಿ ರಿಗ್ಬಿ ಕಂಪನಿಯೇ ಅದನ್ನು ಕೊಂಡುಕೊಂಡಿತು. ಸಂಗ್ರಾಹಕರ ಲೋಕದಲ್ಲಿ ಇದಕ್ಕಿಂತ ಬೆಲೆಯುಳ್ಳ ಕೋವಿಗಳು ಬಹಳ ಇರಲಾರವು.

ಈಗ ಪುಸ್ತಕಕ್ಕೆ ಬನ್ನಿ. ಆ ಹುಲಿಯ ಮೇಲೆ ಕಾರ್ಬೆಟ್ ಹಾರಿಸಿದ ಕೊನೆಯ ಗುಂಡು ಅವನ ಕೋವಿಯದೇ ಆಗಿರಲಿಲ್ಲ. ತಂದಿದ್ದ ಮೂರು ತೋಟಾಗಳೂ ಮುಗಿದು, ಜೊತೆಗೆ ಬಂದಿದ್ದ ತಹಸೀಲ್ದಾರನ ಹಳೇ ಕೋವಿಯನ್ನು ಕಿತ್ತುಕೊಂಡು ಓಡುತ್ತಾನೆ. ಅದು ಎಷ್ಟು ಕೆಟ್ಟಿತ್ತೆಂದರೆ ಬಾಯಿಗೆ ಇಟ್ಟ ಗುರಿ ಹುಲಿಯ ಪಾದಕ್ಕೆ ತಗುಲುತ್ತದೆ. ಹುಲಿ ಸತ್ತದ್ದು ಹಿಂದಿನ ಗುಂಡುಗಳ ಗಾಯದಿಂದ. ತನ್ನ ಅತಿ ದೊಡ್ಡ ಗೆಲುವನ್ನು ಹೇಳುವಾಗಲೂ ಈ ಮನುಷ್ಯ ಗುಂಡು ತಪ್ಪಿದ್ದನ್ನು ಬರೆದಿಡುತ್ತಾನೆ. ಆಮೇಲೆ ಹುಲಿಯ ಬಾಯಿ ತೆರೆದು ನೋಡುತ್ತಾನೆ. ಬಲಗಡೆಯ ಮೇಲಿನ ಕೋರೆಹಲ್ಲು ಅರ್ಧಕ್ಕೆ ಮುರಿದಿದೆ, ಕೆಳಗಿನದು ದವಡೆಯ ಎಲುಬಿನವರೆಗೂ ಒಡೆದಿದೆ. ಅದು ಹಳೆಯ ಗುಂಡಿನ ಗಾಯ. ಸಹಜ ಬೇಟೆ ಆಡಲಾಗದೆ ಅದು ಮನುಷ್ಯರ ಮೇಲೆ ಬಿದ್ದದ್ದು ಅದರಿಂದಲೇ ಎನ್ನುತ್ತಾನೆ ಕಾರ್ಬೆಟ್. ಯಾರೋ ಎಂದೋ ಗುಂಡು ಹಾರಿಸಿ, ಗಾಯಗೊಂಡ ಪ್ರಾಣಿಯ ಹಿಂದೆ ಹೋಗದೆ ಮನೆಗೆ ನಡೆದಿದ್ದ. ಆ ಒಂದು ಗುಂಡಿನ ಲೆಕ್ಕ 436ರವರೆಗೆ ಬೆಳೆದಿತ್ತು.

ಕಾರ್ಬೆಟ್‌ನನ್ನು ದೇವರಾಗಿಸಬೇಕಿಲ್ಲ. ಅದೇ ಪುಸ್ತಕದಲ್ಲಿ ಪವಲ್‌ಗಢದ ಹುಲಿಯ ಅಧ್ಯಾಯವಿದೆ. ಅದು ನರಭಕ್ಷಕವಾಗಿರಲಿಲ್ಲ. ಬಹಳ ದೊಡ್ಡದೆಂದು ಆ ಸೀಮೆಯ ಬೇಟೆಗಾರರೆಲ್ಲ ಹತ್ತು ವರ್ಷ ಬೆನ್ನುಹತ್ತಿದ್ದ ಹುಲಿ. 1930ರಲ್ಲಿ ಅದನ್ನು ಹೊಡೆದು ಉದ್ದ ಅಳೆಯುವ ಕಾರ್ಬೆಟ್ ಅಪ್ಪಟ ಸಂಗ್ರಾಹಕ. ಆದರೆ ಅಲ್ಲೂ ಮೊದಲ ಗುಂಡಿಗೆ ಹುಲಿ ಗಾಯಗೊಂಡು ತಪ್ಪಿಸಿಕೊಂಡಾಗ ಅವನು ದಿನಗಟ್ಟಲೆ ಅದನ್ನು ಅರಸುತ್ತಾನೆ, ಮತ್ತು ಆ ಅರಸುವಿಕೆಯನ್ನು ಮುಚ್ಚಿಡದೆ ಬರೆಯುತ್ತಾನೆ. ಅವನ ಬರಹ ಇಂದಿಗೂ ಓದಿಸಿಕೊಳ್ಳುವುದಕ್ಕೆ ಸಾಹಸಕ್ಕಿಂತ ಈ ಲೆಕ್ಕದ ಬುದ್ಧಿಯೇ ದೊಡ್ಡ ಕಾರಣ ಎಂದು ನನಗನ್ನಿಸುತ್ತದೆ.

ಈ ಲೆಕ್ಕದ ಬುದ್ಧಿ ಮಲೆನಾಡಿನ ಕನ್ನಡದಲ್ಲಿ ಶಬ್ದಗಳೊಳಗೇ ಇದೆ. ಕೇಪಿನ ಕೋವಿಗೆ ಮದ್ದು ಸುರಿದು, ನಾರು ತುರುಕಿ, ಗಜದಿಂದ ಜಡಿದು, ಚರೆಯನ್ನೋ ಗುಂಡನ್ನೋ ಹಾಕಿ, ಮತ್ತೆ ಜಡಿದು, ಕೇಪು ಕೂರಿಸುವಷ್ಟರಲ್ಲಿ ಮಿಕ ಮೂರು ಗುಡ್ಡ ದಾಟಿರುತ್ತದೆ. ಅದಕ್ಕೇ ಅಲ್ಲಿ 'ಈಡು' ಎಂಬ ಮಾತಿಗೆ ತೂಕ ಜಾಸ್ತಿ. ಒಂದು ಈಡು ಎಂದರೆ ಒಂದು ತೀರ್ಮಾನ. ಮರಸು ಕೂರುವುದು, ಹಳು ನುಗ್ಗಿಸುವುದು ಎಂಬ ಮಾತುಗಳಲ್ಲಿ ಕಾಯುವ, ಬೆವರುವ, ಹೆದರುವ ಮೈಗಳಿವೆ. ಕುವೆಂಪು 'ಮಲೆನಾಡಿನ ಚಿತ್ರಗಳು' (1933) ಮತ್ತು 'ಕಾನೂರು ಹೆಗ್ಗಡಿತಿ' (1936) ಬರೆಯುವಾಗ ಬೇಟೆಯನ್ನು ನಾಯಿ, ಆಳು, ಒಡೆಯ, ಕಾಡು ಎಲ್ಲ ಸೇರಿದ ಒಂದು ಊರಿನ ಕೆಲಸವಾಗಿ ಕಂಡರು. ಅಲ್ಲಿ ಕೋವಿ ಹಿಡಿದವನೊಬ್ಬನೇ ನಾಯಕನಾಗಿ ಬೆಳಗುವುದಿಲ್ಲ. ತೇಜಸ್ವಿ 'ಪರಿಸರದ ಕತೆ'ಯಲ್ಲಿ ಇನ್ನೂ ಮುಂದೆ ಹೋಗಿ ಬೇಟೆಗಾರರ ಜಂಬವನ್ನು ನಗೆಗೆ ಈಡು ಮಾಡಿದರು. ಈ ಇಬ್ಬರೂ ಕಾಡಿನ ನಂಟಿದ್ದವರು. ಇಂಥವರ ಪುಟಗಳಲ್ಲಿ ಬರುವ ಕೋವಿಯನ್ನು 'ಪ್ರಭುತ್ವದ ಸಂಕೇತ' ಎಂದು ಒಂದೇ ಸಾಲಿನಲ್ಲಿ ಮುಗಿಸಿಬಿಡುವ ವಿಮರ್ಶೆ ನನಗೆ ಸೋಮಾರಿತನವೆನ್ನಿಸುತ್ತದೆ. ಸಂಕೇತಕ್ಕೆ ಮದ್ದು ಒದ್ದೆಯಾಗುವುದಿಲ್ಲ, ಕೇಪು ಕೈಕೊಡುವುದಿಲ್ಲ.

ಇದರ ಎದುರಿಗೆ ನಮ್ಮ ಕಾಲದ ಕನ್ನಡದ ಅತಿ ಪ್ರಸಿದ್ಧ ಕೋವಿಯನ್ನು ಇಟ್ಟು ನೋಡಿ. 2022ರ 'ಕೆಜಿಎಫ್ ಚಾಪ್ಟರ್ 2'ರಲ್ಲಿ ನಾಯಕ 'ದೊಡ್ಡಮ್ಮ' ಎಂಬ ಹೆಸರಿನ ಮಷೀನ್‌ಗನ್ನಿನಿಂದ ಪೊಲೀಸ್ ಠಾಣೆಯ ಮೇಲೆ ಗುಂಡಿನ ಮಳೆಗರೆಯುತ್ತಾನೆ. ಕೆಂಪಗೆ ಕಾದ ನಳಿಗೆಗೆ ಸಿಗರೇಟು ತಾಗಿಸಿ ಹೊತ್ತಿಸಿಕೊಳ್ಳುತ್ತಾನೆ. ಚಿತ್ರಮಂದಿರದ ಶಿಳ್ಳೆ ನಿಮಗೂ ನೆನಪಿರಬಹುದು. ಅಷ್ಟು ಗುಂಡು ಹಾರಿದರೂ ಆ ದೃಶ್ಯದ ಕೋವಿ ಗಾಜಿನ ಪೆಟ್ಟಿಗೆಯ ಕೋವಿಯೇ. ಅದು ಇರುವುದು ನೋಡಿ ಮೆಚ್ಚುವುದಕ್ಕೆ. ಗುಂಡುಗಳು ಎಲ್ಲಿಗೆ ಹೋದವು ಎಂದು ಕ್ಯಾಮೆರಾ ವಿಚಾರಿಸುವುದಿಲ್ಲ, ಅದಕ್ಕೆ ಬೇಕಾದದ್ದು ನಳಿಗೆಯ ಕೆಂಪು. ಕುಶಲತೆಯಿಂದ ಕಟ್ಟಿದ ದೃಶ್ಯ ಅದು, ನನಗೂ ಬೆರಗಾಯಿತು. ಹೆಡ್ಡಾಗೆ ಆದದ್ದೂ ಅದೇ ಬೆರಗು ಎಂಬುದು ಆಮೇಲೆ ಹೊಳೆಯಿತು.

ಹಾಗಾದರೆ ಕೋವಿಯನ್ನು ಮೆಚ್ಚಿ ಇಟ್ಟುಕೊಳ್ಳುವುದೇ ತಪ್ಪೇ? ಕೊಡಗಿನ ಉದಾಹರಣೆ ಹಾಗೆ ತೀರ್ಪು ಕೊಡಲು ಬಿಡುವುದಿಲ್ಲ. ನಾಟಿ ಮುಗಿದ ಮೇಲೆ ಬರುವ ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಗೆ ತೋಕ್ ಪೂ ಮುಡಿಸಿ ಪೂಜೆ ಮಾಡುತ್ತಾರೆ. ಅದೇ ಹಬ್ಬದಲ್ಲಿ ಕೋವಿ ಹಿಡಿದು ಬಯಲಿಗೆ ಹೋಗಿ ಎತ್ತರದಲ್ಲಿ ಕಟ್ಟಿದ ತೆಂಗಿನಕಾಯಿಗೆ ಗುರಿ ಇಡುತ್ತಾರೆ. ನೋಡುವ ಕೋವಿ, ಹಾರಿಸುವ ಕೋವಿ ಅಲ್ಲಿ ಬೇರೆ ಬೇರೆಯಲ್ಲ. ಗಂಡು ಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು ಗುಂಡು ಹಾರಿಸುವುದು ಸಂಪ್ರದಾಯ. ಎಷ್ಟು ಗುಂಡು ಎಂಬುದೇ ಅಲ್ಲಿ ಭಾಷೆ, ಕೇಳಿದವರು ಎಣಿಸಿಕೊಂಡು ಆ ಮನೆಯ ಕಡೆ ಹೊರಡುತ್ತಾರೆ. ಹೆಣ್ಣು ಮಗುವಿಗೆ ಏಕಿಲ್ಲ ಎಂದು ಕೇಳಲೇಬೇಕು. ಆದರೂ ಗುಂಡಿಗೆ ಲೆಕ್ಕವಿಟ್ಟ ಸಮಾಜ ಅದು. ಕೊಡವರಿಗೂ ಜಮ್ಮಾ ಭೂಮಿ ಹಿಡುವಳಿದಾರರಿಗೂ ಪರವಾನಗಿಯಿಂದ ಇರುವ ವಿನಾಯಿತಿಯ ಬಗ್ಗೆ ವಾದಗಳು ನಡೆದಿವೆ. 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಕೋವಿ ಸಂಸ್ಕೃತಿಯೋ ಆಯುಧವೋ ಎಂಬ ಧಾಟಿಯಲ್ಲಿ ಆ ವಾದ ನಡೆದಾಗಲೆಲ್ಲ ಅದು ಎರಡೂ ಹೌದು ಎನ್ನುವ ಆ ತೆಂಗಿನಕಾಯಿ ನನಗೆ ನೆನಪಾಗುತ್ತದೆ.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ನಂತರ ನಮ್ಮ ಬೇಟೆಯ ಕೋವಿಗಳು ಬಹುಮಟ್ಟಿಗೆ ಗೋಡೆ ಸೇರಿದವು. ಅದು ಒಳ್ಳೆಯದೇ ಆಯಿತು. ಆದರೆ ಅದರಿಂದ ಓದುಗರ ಮೇಲೆ ಹೊಸ ಹೊಣೆಯೊಂದು ಬಿದ್ದಿದೆ. ಕೋವಿಯ ಒದೆತವನ್ನಾಗಲಿ ಗಾಯದ ವಾಸನೆಯನ್ನಾಗಲಿ ಅರಿಯದ ತಲೆಮಾರಿಗೆ ಅದು ಬರೀ ನೋಟದ ವಸ್ತು. ನೋಟಕ್ಕೆ ಚೆಲುವು ಬೇಗ ಕಾಣುತ್ತದೆ, ಗಾಯವನ್ನು ಕಾಣಿಸಲು ಬರಹವೇ ಬೇಕು. ಒಂದು ಕತೆ ಅಥವಾ ಸಿನಿಮಾ ಕೋವಿಯನ್ನು ನಮ್ಮ ಮುಂದೆ ಹಿಡಿದಾಗ ಅದು ಗುಂಡಿನ ಹಿಂದೆ ಎಷ್ಟು ದೂರ ಹೋಗುತ್ತದೆ ಎಂದು ನೋಡುವುದು ವಿಮರ್ಶೆಯ ಕೆಲಸ ಎಂದುಕೊಂಡಿದ್ದೇನೆ.

ಕಾರ್ಬೆಟ್‌ಗೆ ಸಿಕ್ಕ ರೈಫಲಿನ ಮೇಲೆ ಬೆಳ್ಳಿಯ ಫಲಕವಿದೆ. ಚಂಪಾವತದ ಹುಲಿಯ ಹಲ್ಲು ಮುರಿದ ಕೋವಿಗೆ ಯಾರೂ ಫಲಕ ಹಾಕಲಿಲ್ಲ. ಅದರ ಗುರುತು ಉಳಿದಿರುವುದು ಸತ್ತ ಹುಲಿಯ ಬಾಯನ್ನು ತೆರೆದು ನೋಡಿದವನು ಬರೆದ ಕೆಲವು ಸಾಲುಗಳಲ್ಲಿ.