ನಾಸಿಕ್‌ಗೆ ಹೊರಟವರ ಪಟ್ಟಿ

2027ರಲ್ಲಿ ಗೋದಾವರಿ ದಂಡೆಯ ನಾಸಿಕ್ ಮತ್ತು ತ್ರ್ಯಂಬಕೇಶ್ವರದಲ್ಲಿ ಸಿಂಹಸ್ಥ ಕುಂಭಮೇಳ. ಹನ್ನೆರಡು ವರ್ಷಕ್ಕೊಮ್ಮೆ ಬರೋ ಈ ಮೇಳಕ್ಕೆ ನಮ್ಮ ಕೇರಿಗಳಿಂದಲೂ ಜನ ಹೊರಡುತ್ತಾರೆ. ಸಂಘದ ಸಾಲ ತೆಗೆದು, ಚೀಟಿ ಎತ್ತಿ ಹೊರಡುತ್ತಾರೆ. ಅವರನ್ನು ಕಂಡು ನಗುವ ಬುದ್ಧಿವಂತಿಕೆ ನಮಗೆ ಬೇಡ. ಬದುಕೆಲ್ಲ ಕೂಲಿ ಮಾಡಿದ ಅವ್ವ ಒಂದ್ಸಲ ದೊಡ್ಡ ಹೊಳೆ ನೋಡ್ತೀನಿ ಅಂದರೆ ಬೇಡ ಅನ್ನೋಕೆ ನಾವ್ಯಾರು? ನಮ್ಮ ವಿಮರ್ಶೆ ಏನಿದ್ದರೂ ಆಕೆಯ ಕೈಗೆ ಕೊಡುವ ಯಾತ್ರೆಯ ಪಟ್ಟಿಯ ಮೇಲೆ.

ಈ ಪಟ್ಟಿಗಳೆಲ್ಲ ಹೆಚ್ಚುಕಮ್ಮಿ ಒಂದೇ ಥರ. ಯಾವ ತಿಥಿಗೆ ಸ್ನಾನ, ಯಾವ ರೈಲು, ವಸತಿ ಎಲ್ಲಿ. ಆಮೇಲೆ ರಾಮಕುಂಡ, ಪಂಚವಟಿ, ಕಾಳಾರಾಮ ಮಂದಿರ, ತ್ರ್ಯಂಬಕ, ಶಿರಡಿ. ಓದಿದರೆ ಪಾಪ ತೊಳೆಯೋದು ಬಲು ಸಲೀಸು ಅನ್ನಿಸುತ್ತದೆ. ಯಾರ ಪಾಪ? ಕೂಲಿ ಮಾಡಿ ಉಂಡವರು ಮಾಡಿದ ಪಾಪವಾದರೂ ಏನು? ಪಟ್ಟಿ ಹೇಳುವುದಿಲ್ಲ.

ಕಾಳಾರಾಮ ಮಂದಿರದ ಮುಂದೆ 1930ರ ಮಾರ್ಚ್ 2ರಂದು ಏನಾಯಿತು ಅನ್ನೋದನ್ನೂ ಹೇಳುವುದಿಲ್ಲ. ಅಂದು ಬಾಬಾಸಾಹೇಬರ ಮುಂದಾಳತ್ವದಲ್ಲಿ ಸಾವಿರಾರು ಅಸ್ಪೃಶ್ಯರು ಮೆರವಣಿಗೆಯಲ್ಲಿ ಬಂದರು. ಬಾಗಿಲು ಹಾಕಿತ್ತು. ಭಾವೂರಾವ್ ಗಾಯಕ್‌ವಾಡರು ಜನರನ್ನು ಕಟ್ಟಿಕೊಂಡು ಹೋರಾಟ ನಡೆಸಿದರು. ರಾಮನವಮಿಯ ರಥದ ಹೊತ್ತಿಗೆ ಕಲ್ಲು ಬಿದ್ದವು. ವರ್ಷಗಟ್ಟಲೆ ನಡೆದರೂ ಬಾಗಿಲು ತೆರೆಯಲಿಲ್ಲ. 1934ರ ಮಾರ್ಚ್‌ನಲ್ಲಿ ಬಾಬಾಸಾಹೇಬರು ಗಾಯಕ್‌ವಾಡರಿಗೆ ಪತ್ರ ಬರೆದರು: ಗುಡಿಯ ಹೋರಾಟ ಸಾಕು, ನಮ್ಮ ಶಕ್ತಿಯೆಲ್ಲ ಶಿಕ್ಷಣಕ್ಕೆ, ರಾಜಕಾರಣಕ್ಕೆ ಹೋಗಲಿ ಎಂಬುದು ಅದರ ತಾತ್ಪರ್ಯ. ಮರುವರ್ಷ, 1935ರ ಅಕ್ಟೋಬರ್ 13ರಂದು, ಅದೇ ನಾಸಿಕ್ ಜಿಲ್ಲೆಯ ಯೇವಲೆಯಲ್ಲಿ, ತಾವು ಹಿಂದೂವಾಗಿ ಸಾಯುವುದಿಲ್ಲ ಎಂದು ಸಾರಿದರು. ಶಿರಡಿಗೆ ಹೋಗೋ ಬಸ್ಸು ಒಂದಿಷ್ಟು ಬಳಸಿದರೆ ಯೇವಲೆ ಸಿಗುತ್ತದೆ. ಪಟ್ಟಿ ಬಸ್ಸನ್ನು ಅತ್ತ ತಿರುಗಿಸುವುದಿಲ್ಲ.

ಕುಂಭದಲ್ಲಿ ಜಾತಿಯಿಲ್ಲ, ಎಲ್ಲರೂ ಒಂದೇ ನೀರಲ್ಲಿ ಮುಳುಗ್ತಾರೆ ಅಂತಾರೆ. ನೀರಿಗೆ ಜಾತಿಯಿಲ್ಲ, ಒಪ್ಪೋಣ. ದಂಡೆ ನೋಡಿ. ಮೊದಲು ಅಖಾಡಗಳ ಸಾಧುಗಳು ಮೆರವಣಿಗೆಯಲ್ಲಿ ಬಂದು ಮುಳುಗಬೇಕು, ಜನ ಕಾಯಬೇಕು. 2003ರ ಆಗಸ್ಟ್ 27ರಂದು ನಾಸಿಕ್‌ನಲ್ಲೇ ಕಾಲ್ತುಳಿತಕ್ಕೆ 39 ಜನ ಸತ್ತರು. 2025ರ ಜನವರಿ 29ರಂದು ಪ್ರಯಾಗದಲ್ಲಿ, ಅಧಿಕಾರಿಗಳು ಆ ದಿನ ಕೊಟ್ಟ ಲೆಕ್ಕದಲ್ಲೇ, 30 ಜನ. ನಮ್ಮ ಬೆಳಗಾವಿಯ ನಾಲ್ವರೂ ಅಲ್ಲಿ ಸತ್ತರು. ಹೀಗೆ ಸತ್ತವರು ಯಾರೂ ಪಲ್ಲಕ್ಕಿಯಿಂದ ಬಿದ್ದವರಲ್ಲ.

ಇನ್ನು ಕೋಟಿ ಜನರ ಹೇಲು ಬಾಚುವವರು. ಪ್ರಯಾಗದ ಆ ಮೇಳಕ್ಕೆ ಒಂದೂವರೆ ಲಕ್ಷ ಶೌಚಾಲಯ, ಸುಮಾರು 15,000 ಸಫಾಯಿ ಕರ್ಮಚಾರಿಗಳು ಅಂತ ಸರ್ಕಾರ ಹೇಳಿಕೊಂಡಿತು. ಅವರ ಜಾತಿ ಯಾವುದು ಅಂತ ಈ ದೇಶದಲ್ಲಿ ಯಾರೂ ಕೇಳಬೇಕಾಗಿಲ್ಲ. 2019ರ ಫೆಬ್ರವರಿ 24ರಂದು ಪ್ರಧಾನಿ ಅಲ್ಲಿಯೇ ಐವರು ಸಫಾಯಿ ಕರ್ಮಚಾರಿಗಳ ಕಾಲು ತೊಳೆದರು. ಕಾಲು ತೊಳೆಯೋದು ಸುಲಭ. ಆ ಕೈಯಿಂದ ಪೊರಕೆ ಬಿಡಿಸೋದು ಕಷ್ಟ.

ಹೊಳೆಯಲ್ಲಿ ಮಿಂದು ಊರಿಗೆ ಬಂದ ಮೇಲೆ ಏನು? 2022ರ ನವೆಂಬರ್‌ನಲ್ಲಿ ಚಾಮರಾಜನಗರ ಜಿಲ್ಲೆಯ ಹೆಗ್ಗೋಠಾರದಲ್ಲಿ ದಲಿತ ಹೆಂಗಸೊಬ್ಬರು ತೊಂಬೆಯ ನೀರು ಕುಡಿದರು. ನೀರನ್ನೆಲ್ಲ ಹರಿಯಬಿಟ್ಟು ಗಂಜಲ ಹಾಕಿ ತೊಳೆದರೆಂದು ಪೊಲೀಸರಿಗೆ ದೂರು ಹೋಯಿತು. ಅಲ್ಲಿ ಮುಳುಗಿದರೆ ಪುಣ್ಯ, ಇಲ್ಲಿ ಒಂದು ಬೊಗಸೆ ಕುಡಿದರೆ ಮೈಲಿಗೆ. ಇದ್ಯಾವ ಸೀಮೆ ನ್ಯಾಯ?

ಆದ್ದರಿಂದ ಗೆಳೆಯರೇ, ಹೊರಟವರಿಗೆ ಅಡ್ಡ ನಿಲ್ಲೋದು ಬೇಡ. ಪಟ್ಟಿಯನ್ನು ತಿದ್ದೋಣ. ಸಾಲ ಮಾಡಿ ಹೋಗೋದು ಬೇಡ ಅಂತ ಮೊದಲ ಸಾಲಲ್ಲೇ ಬರೆಯೋಣ. ನೂಕುನುಗ್ಗಲಿನ ದೊಡ್ಡ ಸ್ನಾನದ ದಿನಗಳನ್ನು ಬಿಟ್ಟು ಹೊರಡೋಣ, ಅವ್ವಂದಿರ ಜೊತೆ ನಾವೂ ಹೋಗೋಣ. ಕಾಳಾರಾಮದ ಬಾಗಿಲಲ್ಲಿ ನಿಂತು, ‘ಅವ್ವಾ, ಒಳಕ್ಕೆ ಬಿಡಿ ಅಂತ ನಮ್ಮೋರು ಕೂತಿದ್ದು ಇಲ್ಲೇ’ ಅಂತ ತೋರಿಸೋಣ. ಪೊರಕೆ ಹಿಡಿದವರನ್ನು ಮಾತಾಡಿಸಿ, ದಿನಗೂಲಿ ಎಷ್ಟು, ಕೈಗೆ ಬಂತಾ ಅಂತ ಕೇಳೋಣ. ಯೇವಲೆಯ ಬಸ್ಸು ಹತ್ತಿಸೋಣ. ಊರಲ್ಲೇ ಉಳಿದ ಮೇಷ್ಟ್ರುಗಳು ಈ ಕತೆಯನ್ನು ಮಕ್ಕಳಿಗೆ ಹೇಳಲಿ.

ಗೋದಾವರಿಯಲ್ಲಿ ಮಿಂದು ಬಂದ ಅವ್ವ ಊರ ತೊಂಬೆಗೆ ಬಿಂದಿಗೆ ಇಡುವಾಗ ಅವಳ ಪಕ್ಕ ನಾವು ನಿಂತಿರಬೇಕು. ನಮ್ಮ ಪಟ್ಟಿಯ ಕಡೇ ಸಾಲು ಅದು.