ದೇವಾಲಯ ಸಂದರ್ಶನ: ನಮ್ಮ ವರದಿಗಳ ಒಂದು ವಿಮರ್ಶೆ

ದೈವಶಾಸ್ತ್ರದ ವಿದ್ಯಾರ್ಥಿಗಳನ್ನು ಹಿಂದೂ ದೇವಾಲಯಕ್ಕೆ ಕರೆದೊಯ್ದು, ಮರಳಿದ ಮೇಲೆ ಅವರಿಂದ ವರದಿ ಬರೆಸುವುದು ನಮ್ಮ ಗುರುಮಠದ ರೂಢಿ. ಉಡುಪಿಯ ಶ್ರೀಕೃಷ್ಣ ಮಠಕ್ಕೆ ಹೋಗಿ ಬಂದವರ ವರದಿಗಳನ್ನು ಓದುವಾಗ ಕಂಡ ಒಂದು ಕೊರತೆಯನ್ನು ಇಲ್ಲಿ ಪರಿಶೀಲಿಸಬಯಸುತ್ತೇವೆ.

ವರದಿಗಳಲ್ಲಿ ಎರಡು ಬಗೆ. ಮೊದಲನೆಯದು ಸಾಮ್ಯಗಳ ಪಟ್ಟಿ: ತೀರ್ಥಕ್ಕೆ ಪವಿತ್ರ ಜಲ, ಧೂಪಕ್ಕೆ ಧೂಪ, ಪ್ರಸಾದಕ್ಕೆ ಪರಮಪ್ರಸಾದ. ಎರಡನೆಯದು ಅವಸರದ ಖಂಡನೆ: ಹಸಿವಿಲ್ಲದ ದೇವರಿಗೆ ನೈವೇದ್ಯವೇಕೆ? 50ನೆಯ ಕೀರ್ತನೆಯನ್ನು ಬಲ್ಲವರಿಗೆ ಈ ಪ್ರಶ್ನೆ ಸಹಜವೇ. ಆದರೆ ಎರಡೂ ಬಗೆಯವರು ನೋಡುವ ಮುನ್ನವೇ ಉತ್ತರ ಸಿದ್ಧಮಾಡಿಕೊಂಡಿದ್ದರು. ತಪ್ಪು ಅವರೊಬ್ಬರದೇ ಅಲ್ಲ. ಹೋಲಿಕೆಗಳನ್ನು ಗುರುತಿಸಿರೆಂದು ಪ್ರಶ್ನೆ ಕೊಟ್ಟವರು ನಾವು.

ಮಧ್ವಾಚಾರ್ಯರು 13ನೆಯ ಶತಮಾನದಲ್ಲಿ ಪ್ರತಿಷ್ಠಾಪಿಸಿದರೆನ್ನಲಾಗುವ ಬಾಲಕೃಷ್ಣನಿಗೆ ಉಡುಪಿಯಲ್ಲಿ ದಿನಕ್ಕೆ 14 ಪೂಜೆಗಳು ಸಲ್ಲುತ್ತವೆ. ನಸುಕಿನ ನಿರ್ಮಾಲ್ಯ ವಿಸರ್ಜನೆಯಿಂದ ರಾತ್ರಿಯ ಏಕಾಂತ ಸೇವೆಯವರೆಗೆ ಅಭಿಷೇಕ, ಅಲಂಕಾರ, ನೈವೇದ್ಯಗಳು ಕ್ರಮತಪ್ಪದೆ ನಡೆಯುತ್ತವೆ. ನೋಡಲು ಸಾವಿರ ಮಂದಿಯಿರಲಿ, ಯಾರೂ ಇಲ್ಲದಿರಲಿ, ಸೇವೆ ನಿಲ್ಲದು. ಎಂಟು ಮಠಗಳು ಎರಡೆರಡು ವರ್ಷಗಳ ಪರ್ಯಾಯದಲ್ಲಿ ಈ ಹೊಣೆಯನ್ನು ಹೊರುತ್ತವೆ.

ಹಾಗಾದರೆ ಇಷ್ಟೆಲ್ಲ ಉಪಚಾರ ಬೇಡುವ ದೇವರು ಕೊರತೆಯುಳ್ಳವನೇ? ಮಧ್ವಮತದ ಅಡಿಗಲ್ಲೇ ಇದಕ್ಕೆ ಉತ್ತರ: ವಿಷ್ಣುವೊಬ್ಬನೇ ಸ್ವತಂತ್ರ, ಮಿಕ್ಕುದೆಲ್ಲ ಪರತಂತ್ರ. ಏನನ್ನೂ ಬೇಡದವನಿಗೆ ಉಣಬಡಿಸುವಾಗ ಸೇವಕನು ತನ್ನ ಅವಲಂಬನೆಯನ್ನೇ ಒಪ್ಪಿಕೊಳ್ಳುತ್ತಾನೆ ಎಂದು ನಾವು ಅರ್ಥೈಸುತ್ತೇವೆ. ನಮ್ಮ ವಿದ್ಯಾರ್ಥಿಗಳ ಖಂಡನೆ ಈ ಸಿದ್ಧಾಂತದ ಹತ್ತಿರಕ್ಕೂ ಸುಳಿಯಲಿಲ್ಲ.

ಭೇದವಂತೂ ಇದೆ. ಬಲಿಪೂಜೆಯಲ್ಲಿ ಉಣಬಡಿಸುವವನು ಕ್ರಿಸ್ತ, ಉಣ್ಣುವವರು ನಾವು. ಇದನ್ನು ಮರೆತು ಪ್ರಸಾದವನ್ನೂ ಪರಮಪ್ರಸಾದವನ್ನೂ ಒಂದೇ ಸಾಲಿನಲ್ಲಿರಿಸಿದರೆ ಎರಡು ಶ್ರದ್ಧೆಗಳಿಗೂ ಅನ್ಯಾಯ. 1969ರಲ್ಲಿ ರೋಮ್ ಅನುಮತಿಸಿದ 12 ಅಂಶಗಳ ಮೂಲಕ ಆರತಿಯು ನಮ್ಮ ಆರಾಧನೆಗೆ ಬಂದಿತು. ಆರತಿಯನ್ನು ಹೊತ್ತಿರುವ ದಿನಚರಿ ಬರಲಿಲ್ಲ. ನಮ್ಮ ಕಾಲಪ್ರಾರ್ಥನೆಯೂ ದಿನದ ಪ್ರತಿಯೊಂದು ಹೊತ್ತನ್ನು ದೇವರಿಗೆ ಒಪ್ಪಿಸುವ ಸೇವೆಯೇ. ಅದನ್ನು ಬಿಡುವಾದಾಗ ಒಟ್ಟಾಗಿ ಓದಿ ಮುಗಿಸುವ ಗುರುಗಳು ನಮ್ಮಲ್ಲಿ ಕಡಿಮೆಯಿಲ್ಲ. 14 ಪೂಜೆಗಳ ಲೆಕ್ಕವನ್ನು ಎಲ್ಲರೂ ಬರೆದರು. ಈ ಮಾತನ್ನು ಯಾರೂ ಎತ್ತಲಿಲ್ಲ.

ಇನ್ನೊಂದು ಸಂಗತಿ. ಕನಕನ ಕಿಂಡಿಯ ಮುಂದೆ ನಿಂತು ತಮ್ಮನ್ನು ಕನಕದಾಸರಿಗೆ ಹೋಲಿಸಿಕೊಂಡವರು ಹಲವರು. ಅದು ಸಲ್ಲದು. ಐತಿಹ್ಯದ ಕನಕರು ಹೊರಗೆ ತಡೆಯಲ್ಪಟ್ಟ ಭಕ್ತರು. ನಾವು ಕಲಿಯಲು ಬಂದ ಅತಿಥಿಗಳು. ಆ ಕಿಂಡಿಯ ನೋವನ್ನು ತನ್ನದೆಂದು ಹೇಳುವ ಹಕ್ಕುಳ್ಳ ವಿದ್ಯಾರ್ಥಿ ಒಬ್ಬನಿದ್ದನು. ತನ್ನ ಅಜ್ಜನಿಗೆ ಊರಿನ ಗುಡಿಯ ಬಾಗಿಲು ಮುಚ್ಚಿತ್ತೆಂದೂ, ಹೊಸ್ತಿಲ ಬಳಿ ತನ್ನ ಕಾಲು ತಡೆಯಿತೆಂದೂ ಒಂದೇ ಪುಟದಲ್ಲಿ ಬರೆದಿದ್ದನು. ಹೋಲಿಕೆಗಳಿಲ್ಲವೆಂದು ನಾವು ಅವನಿಗೆ ಕಡಿಮೆ ಅಂಕ ಕೊಟ್ಟೆವು. ಮತ್ತೆ ಓದಿದಾಗ, ಕಂಡದ್ದನ್ನು ಕಂಡಂತೆ ಬರೆದವನು ಅವನೊಬ್ಬನೇ ಎಂದು ತಿಳಿಯಿತು, ಅಂಕವನ್ನು ತಿದ್ದಿದ್ದೇವೆ.

ಮುಂದಿನ ಸಂದರ್ಶನಕ್ಕೆ ಪ್ರಶ್ನೆಯನ್ನೂ ತಿದ್ದಬೇಕಾಗಿದೆ: ಇಲ್ಲಿ ಯಾರು ಯಾರಿಗೆ, ಯಾವ ನಂಬಿಕೆಯಿಂದ ಸೇವೆ ಸಲ್ಲಿಸುತ್ತಿದ್ದಾರೆ? ಅದನ್ನು ಕಂಡ ಮೇಲೆ ನಿಮ್ಮ ಪ್ರಾರ್ಥನೆಯಲ್ಲಿ ಯಾವ ಕೊರತೆ ಕಾಣಿಸಿತು? ಹೋಲಿಕೆಯ ಮಾತು ಆಮೇಲೆ.